ಕಣ್ಣು ಕಾಣದ ಮಕ್ಕಳಿಗೆ ಭಾನುವಾರ ಕಂಪ್ಯೂಟರ್ ಕಲಿಸಲು ಯಾರು ಬರುತ್ತೀರಿ?

ಭಾನುವಾರದ ಟೆಕ್ಕಿ: ನಮ್ಮೂರ ಹಾಸ್ಟೆಲ್‌ನಲ್ಲಿ ಕಣ್ಣು ಕಾಣದ ಹನ್ನೆರಡು ಮಕ್ಕಳಿಗೆ ಎನ್‌ವಿಡಿಎ ಕಲಿಸುತ್ತಿದ್ದೇನೆ. ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಅದು, ಪುಕ್ಕಟೆ. 2006ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಅಂಧರೇ ಶುರು ಮಾಡಿದ್ದು. ಮಕ್ಕಳು ಬೇಗ ಕಲಿತರು. ತೊಡಕಿರುವುದು ನೋಟ್ಸ್‌ನಲ್ಲಿ, ಎಲ್ಲ 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟು. ಪರದೆ ಮೇಲೆ 'ಕನ್ನಡ' ಅಂತ ಕಾಣುತ್ತದೆ, ಕಡತದ ಒಳಗಿರುವುದು ಇಂಗ್ಲಿಷಿನ ಪಿ, ಪೌಂಡ್ ಗುರುತು, ಕ್ಯೂ. ಎನ್‌ವಿಡಿಎ ಅದನ್ನೇ ಓದುತ್ತದೆ. ಅಚ್ಚಿಗೆ ಪುಟ ಜೋಡಿಸುವ ಡಿಟಿಪಿಯವರು ಇನ್ನೂ ಇಪ್ಪತ್ತು ವರ್ಷ ಹಿಂದೆಯೇ ಇದ್ದಾರೆ! ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಯೂನಿಕೋಡ್‌ಗೆ ತಿರುಗಿಸಿ ತಪ್ಪು ತಿದ್ದಲು ಜನ ಬೇಕು.

ಪೇಜ್‌ಮೇಕರ್ ಪುಟ್ಟಣ್ಣ: "ಇಪ್ಪತ್ತು ವರ್ಷ ಹಿಂದೆ"ಯಾ? ನಿಮ್ಮನೆ ಮದುವೆ ಕಾಗದ ಅಚ್ಚಾಗಿದ್ದು ಇದೇ ನುಡಿ, ಬರಹ ತಂತ್ರಾಂಶಗಳಲ್ಲಿ. ನಾವು ಪುಟ ಜೋಡಿಸುವ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರುವುದಿಲ್ಲ. ನಾವೇನು ಮಾಡೋಣ?

ಯೂನಿಕೋಡ್ ಉಗ್ರ: ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಇದೆ. ಮನಸ್ಸಿಲ್ಲ ಅಂತ ಹೇಳಿ, ಬರುವುದಿಲ್ಲ ಅನ್ನಬೇಡಿ.

ಪೇಜ್‌ಮೇಕರ್ ಪುಟ್ಟಣ್ಣ: 1991ರಲ್ಲಿ ಇತ್ತಂತೆ! ಆಗ ಯಾವ ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದಿರಿ? ವಿಂಡೋಸ್ ಎಕ್ಸ್‌ಪಿ ಜೊತೆ ತುಂಗಾ ಅನ್ನುವ ಯೂನಿಕೋಡ್ ಕನ್ನಡ ಫಾಂಟು ಬಂದದ್ದೇ 2001ರಲ್ಲಿ. ಆ ತುಂಗಾದಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿ ನೋಡೋಣ.

ಕಿವಿಯೋದುಗ: ನಾನೇ ಎನ್‌ವಿಡಿಎ ಬಳಸುವವನು. ಕಳೆದ ತಿಂಗಳು ಒಂದು ಕಚೇರಿಯಿಂದ ಕಾಗದ ಬಂತು, ಹಳೇ ಫಾಂಟಿನದು. ಸಂಜೆ ಪಕ್ಕದ ಮನೆಯವರು ಬಂದು ಓದಿ ಹೇಳಿದರು. ಅದರಲ್ಲಿ ನನ್ನ ಸಾಲದ ಲೆಕ್ಕ ಇತ್ತು.

ನಿವೃತ್ತ ಮೇಷ್ಟ್ರು: ಆ ರೋಬೋಟ್ ದನಿಯಲ್ಲಿ ಕನ್ನಡ ಕೇಳಿದರೆ ಮಕ್ಕಳ ಉಚ್ಚಾರ ಕೆಡುತ್ತದೆ. ಬ್ರೈಲ್ ಕಲಿಸಿ, ಸಾಕು.

ಕಿವಿಯೋದುಗ: ಮೇಷ್ಟ್ರೇ, ನನಗೆ ಆ ರೋಬೋಟ್ ದನಿಯೇ ಬೇಕು. ಇಸ್ಪೀಕ್ ಅಂತ ಅದರ ಹೆಸರು. ವೇಗ ಎಷ್ಟು ಏರಿಸಿದರೂ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ. ಇಂಪಾದ ದನಿಗಳು ಆ ವೇಗಕ್ಕೆ ಕಲಸಿಹೋಗುತ್ತವೆ. ಕಾಗುಣಿತ ಕಲಿಯಲು ಬ್ರೈಲ್ ಬೇಕು, ಸರಿ. ಆದರೆ ಕಾಲೇಜಿನ ಐನೂರು ಪುಟ ಬ್ರೈಲ್‌ನಲ್ಲಿ ಯಾರು ಕೊಡುತ್ತಾರೆ?

ನಿವೃತ್ತ ಮೇಷ್ಟ್ರು: ಬ್ರೈಲ್ ಬೇಕು ಅಂತ ನೀವೇ ಒಪ್ಪಿದಿರಲ್ಲ. ನಾನು ಹೇಳಿದ್ದೂ ಅಷ್ಟೇ.

ಯೂನಿಕೋಡ್ ಉಗ್ರ: ಪುಟ್ಟಣ್ಣ, ಸಾಲದ ಲೆಕ್ಕ ಊರಿಗೆಲ್ಲ ಗೊತ್ತಾಗುವುದು ನಿಮ್ಮಂಥವರಿಂದ! 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಸೆಕ್ಷನ್ ಓದಿ, ಮಾಹಿತಿ ಅಂಗವಿಕಲರಿಗೂ ಸಿಗುವಂತಿರಬೇಕು ಅನ್ನುವುದು ಅದೇ.

ಪೇಜ್‌ಮೇಕರ್ ಪುಟ್ಟಣ್ಣ: ಆ ಸೆಕ್ಷನ್ ಸರ್ಕಾರ ಏನು ಮಾಡಬೇಕು ಅಂತ ಹೇಳುತ್ತದೆ, ನನ್ನ ಅಂಗಡಿಗಲ್ಲ. ಹೊಸ ನುಡಿಯಲ್ಲಿ ಯೂನಿಕೋಡೂ ಇದೆ. ಬೈಯುವ ಮೊದಲು ಅದನ್ನು ತಿಳಿದುಕೊಳ್ಳಿ.

ಯೂನಿಕೋಡ್ ಉಗ್ರ: ಇದೆಯಲ್ಲ? ಮತ್ತೆ ನೀವು 'ನುಡಿ 01 ಇ' ಅನ್ನುವ ಹಳೇ ಫಾಂಟು ಬಿಟ್ಟು ಯಾಕೆ ಹೊರಗೆ ಬರುತ್ತಿಲ್ಲ?

ಪೇಜ್‌ಮೇಕರ್ ಪುಟ್ಟಣ್ಣ: ಗಿರಾಕಿ ತರುವ ಕಡತವೇ ಅದರಲ್ಲಿರುತ್ತದೆ ಸ್ವಾಮಿ! ಸುಮ್ನೆ ಎಸಿ ರೂಮಿನಲ್ಲಿ ಕೂತು ಉಪದೇಶ ಮಾಡಬೇಡಿ. ನೀವು ಇದುವರೆಗೆ ಎಷ್ಟು ಪುಟ ತಿರುಗಿಸಿಕೊಟ್ಟಿದ್ದೀರಿ, ಆ ಲೆಕ್ಕ ಹೇಳಿ ಮೊದಲು.

ಯೂನಿಕೋಡ್ ಉಗ್ರ: ನಾನು ಎಸಿ ರೂಮಿನಲ್ಲಿಲ್ಲ. ಫ್ಯಾನೂ ಕೆಟ್ಟಿದೆ.

ಭಾನುವಾರದ ಟೆಕ್ಕಿ: ಪುಟ್ಟಣ್ಣ, ಆ "ಹಿಂದೆ" ಅಂದ ಮಾತು ಬಿಡಿ. ಪರಿವರ್ತಕಕ್ಕೆ ಹಾಕಿದರೆ ಅರ್ಕಾವತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ, ಒತ್ತಕ್ಷರ ಕೆಡುತ್ತದೆ. ನಾನೂರು ಪುಟ ಬಿದ್ದಿದೆ. ಇಷ್ಟು ಮಾತಾಯಿತು, ಬರುತ್ತೇನೆ ಅಂತ ಒಬ್ಬರೂ ಅನ್ನಲಿಲ್ಲ.

ಪೇಜ್‌ಮೇಕರ್ ಪುಟ್ಟಣ್ಣ: ಬಿಡಿ ಅಂದರೆ ತಪ್ಪಾಯ್ತು ಅಂದಂತಲ್ಲ. ಅರ್ಕಾವತ್ತು ಎಲ್ಲಿ ಕೈಕೊಡುತ್ತದೆ ಅಂತ ನನಗೆ ಬಾಯಿಪಾಠ. ಹತ್ತು ಪುಟ ಕಳಿಸಿ, ನೋಡುತ್ತೇನೆ. ಪೇಜ್‌ಮೇಕರ್ ಮಾತ್ರ ಬಿಡುವುದಿಲ್ಲ.

ಯೂನಿಕೋಡ್ ಉಗ್ರ: ಅದನ್ನು ಯಾವ ವಿಂಡೋಸ್‌ನಲ್ಲಿ ಓಡಿಸುತ್ತಿದ್ದೀರಿ?