ಅಮೆರಿಕಕ್ಕೆ ಕಾಫಿ ಕಳುಹಿಸುವಾಗ ಭದ್ರತಾ ಮಾಹಿತಿ ಮತ್ತು ಸೀಲು: ಪ್ರಶ್ನೋತ್ತರ

ಪ್ರಶ್ನೆ (ಮೂಡಿಗೆರೆಯ ಬೆಳೆಗಾರರು): ಮಾನ್ಯರೇ, ನಾವು ಐವರು ಬೆಳೆಗಾರರು ಸೇರಿ ಮೊದಲ ಬಾರಿಗೆ ಒಂದು ಕಂಟೇನರ್ ಕಾಫಿಯನ್ನು ಹಾಸನದ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಸಂಸ್ಕರಿಸುವ ಘಟಕದಲ್ಲಿ) ತುಂಬಿಸಿ, ಮಂಗಳೂರು ಬಂದರಿನ ಮೂಲಕ ಅಮೆರಿಕಕ್ಕೆ ಕಳುಹಿಸುತ್ತಿದ್ದೇವೆ. ಐಎಸ್‌ಎಫ್ (ಆಮದುದಾರರು ಅಮೆರಿಕದ ಕಸ್ಟಮ್ಸ್‌ಗೆ ಮೊದಲೇ ಸಲ್ಲಿಸುವ ಭದ್ರತಾ ವಿವರ) ಮಾಹಿತಿಯನ್ನು ಮುಂಚಿತವಾಗಿ ಕೊಡಿ ಎಂದು ಖರೀದಿದಾರರು ಬರೆದಿದ್ದಾರೆ. ಆಮದುದಾರರು ಅವರೇ ಆಗಿರುವಾಗ ನಮ್ಮನ್ನೇಕೆ ಕೇಳುತ್ತಾರೆ?

ಉತ್ತರ (ಹಾಸನದ ಕಸ್ಟಮ್ಸ್ ಬ್ರೋಕರ್): ಅದನ್ನು ಸಲ್ಲಿಸುವ ಹೊಣೆ ಅವರದೇ, ಆದರೆ ಮಾಹಿತಿ ಇರುವುದು ನಿಮ್ಮಲ್ಲಿ. 2009ರ ಜನವರಿ 26ರಿಂದ ಜಾರಿಯಲ್ಲಿರುವ ಈ ನಿಯಮದಂತೆ ಆಮದುದಾರರು ಹತ್ತು ವಿವರಗಳನ್ನೂ ಹಡಗು ಕಂಪನಿ ಇನ್ನೆರಡು ವಿವರಗಳನ್ನೂ ಅಮೆರಿಕದ ಕಸ್ಟಮ್ಸ್‌ಗೆ ಸಲ್ಲಿಸಬೇಕು. ಮಾರಾಟಗಾರರು, ಸರಬರಾಜುದಾರರು, ಮೂಲ ದೇಶ, ಆರು ಅಂಕಿಯ ಸುಂಕ ಸಂಖ್ಯೆ (ಹುರಿಯದ, ಕೆಫೀನ್ ತೆಗೆಯದ ಕಾಫಿಗೆ 0901.11) ಮೊದಲಾದ ಎಂಟು ವಿವರಗಳು, ಅಮೆರಿಕಕ್ಕೆ ಹೊರಡುವ ಹಡಗಿಗೆ ಸರಕು ಏರುವ 24 ಗಂಟೆಗಳ ಮೊದಲೇ ಸೇರಿರಬೇಕು. ತಪ್ಪಿದರೆ ಪ್ರತಿ ಉಲ್ಲಂಘನೆಗೆ 5,000 ಡಾಲರ್‌ವರೆಗೆ ದಂಡ ಬೀಳಬಹುದು. ಕಂಟೇನರ್ ತುಂಬಿದ ಸ್ಥಳವನ್ನು ತಡವಾಗಿ ತಿಳಿಸಲು ಅವಕಾಶವಿದ್ದರೂ ಮೊದಲೇ ಕೊಟ್ಟುಬಿಡಿ. ಅಲ್ಲಿ ಬರೆಯಬೇಕಾದದ್ದು ಕ್ಯೂರಿಂಗ್ ವರ್ಕ್ಸ್‌ನ ವಿಳಾಸ, ಮೂಡಿಗೆರೆಯ ನಿಮ್ಮ ಕಚೇರಿಯದಲ್ಲ.

ಕಾಗದ ಸರಿಯಿದ್ದು ಕಂಟೇನರ್ ಸಡಿಲವಾಗಿದ್ದರೆ ಪ್ರಯೋಜನವಿಲ್ಲ. 60 ಕಿಲೋದ 320 ಚೀಲಗಳನ್ನು ಏರಿಸುವ ಮೊದಲು ಖಾಲಿ ಕಂಟೇನರಿನ ಮುಂದಿನ ಗೋಡೆ, ಎರಡು ಪಕ್ಕಗಳು, ನೆಲ, ಚಾವಣಿ, ಬಾಗಿಲು, ಅಡಿಭಾಗ ಈ ಏಳನ್ನೂ ನೀವೇ ನಿಂತು ನೋಡಿ, ಫೋಟೋ ತೆಗೆಸಿ. ಬಾಗಿಲಿಗೆ ಹಾಕುವ ಸೀಲು ಐಎಸ್‌ಒ 17712 ಎಂಬ ಅಂತರರಾಷ್ಟ್ರೀಯ ಮಾನದಂಡದ ‘ಎಚ್’ (ಹೆಚ್ಚಿನ ಭದ್ರತೆಯ) ದರ್ಜೆಯದಾಗಿರಲಿ. ಹಾಕಿದ ಮೇಲೆ ಸಂಖ್ಯೆಯನ್ನು ಕಾಗದದೊಂದಿಗೆ ತಾಳೆ ಹಾಕಿ, ಎಳೆದು, ತಿರುಚಿ ಪರೀಕ್ಷಿಸಿ. ಹಡಗಿನ ಬಾಡಿಗೆಯ ಚೌಕಾಸಿಗೆ ಎರಡು ದಿನ ಕೊಡುವವರು ಸೀಲಿಗೆ ಎರಡು ನಿಮಿಷ ಕೊಡುವುದಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ.

ಮರುಪ್ರಶ್ನೆ: ಶಿರಾಡಿ ಘಾಟಿಯಲ್ಲಿ ಲಾರಿ ಕೆಟ್ಟು ನಿಂತರೆ ಏನು ಮಾಡಬೇಕು, ಸರ್?

ಉತ್ತರ: ಸೀಲನ್ನು ಮುಟ್ಟದೆ, ಟ್ರೇಲರನ್ನು ಎಳೆಯುವ ಎಂಜಿನ್ ಭಾಗವನ್ನಷ್ಟೇ ಬದಲಿಸಲಿ. ಲಾರಿ ಎಲ್ಲಿ, ಎಷ್ಟು ಹೊತ್ತು ನಿಂತಿತ್ತು, ಹೊಸ ವಾಹನದ ಸಂಖ್ಯೆ ಯಾವುದು, ಚಾಲಕರು ಯಾರು ಎಂಬುದನ್ನು ಆಗಲೇ ಬರೆದಿಡಿ. ಒಂದು ವೇಳೆ ಸೀಲು ಮುರಿದಿದ್ದರೆ ದಾರಿಯಲ್ಲೇ ಇನ್ನೊಂದನ್ನು ಹಾಕಿ ಕಳುಹಿಸಬೇಡಿ. ಫೋಟೋ ತೆಗೆದು, ಕಂಟೇನರ್ ಬಂದರಿನ ಗೇಟು ದಾಟುವ ಮೊದಲೇ ನಿಮ್ಮ ಬ್ರೋಕರ್ ಮೂಲಕ ಕಸ್ಟಮ್ಸ್‌ಗೂ ಖರೀದಿದಾರರಿಗೂ ತಿಳಿಸಿ.