ವೋಚರ್ ನಿಂತಿತು, ನನ್ನ ವಾಕಿಂಗೂ ನಿಂತಿತು. ಯಾಕೆ ಹೀಗೆ?

ವಾಣಿ, ಮೈಸೂರು
ನಮ್ಮ ಆಫೀಸಿನಲ್ಲಿ ಹೆಜ್ಜೆ ಎಣಿಸುವ ಸ್ಪರ್ಧೆ ಇಟ್ಟಿದ್ದರು. ದಿನಕ್ಕೆ 10,000 ಹೆಜ್ಜೆ ದಾಟಿದರೆ ಶಾಪಿಂಗ್ ವೋಚರ್. ಊಟ ಆದ ಮೇಲೆ ಕಾರಿಡಾರಿನಲ್ಲಿ ಜಾತ್ರೆ! ಒಬ್ಬರಂತೂ ಬ್ಯಾಂಡನ್ನು ಮಗನ ಕೈಗೆ ಕಟ್ಟಿ ಕ್ರಿಕೆಟ್ ಆಡೋಕೆ ಕಳಿಸುತ್ತಿದ್ದರು. ನಾನು ನಿಜವಾಗಿಯೇ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತಿದ್ದೆ. ಸ್ಪರ್ಧೆಗೆ ಮುಂಚೆಯೂ ಹೋಗುತ್ತಿದ್ದೆ, ಹಕ್ಕಿ ನೋಡೋಕೆ. ಈಗ ಸ್ಪರ್ಧೆ ಮುಗಿದಿದೆ, ಆ ಹಳೇ ಅಭ್ಯಾಸವೂ ಹೋಗಿದೆ. ಸೋಮಾರಿತನವಾ, ಬೇರೆ ಏನಾದರೂ ಇದೆಯಾ?

ಪಿ.ಟಿ. ಮೇಷ್ಟ್ರು, ಹಾಸನ
ಸೋಮಾರಿತನ ಅಲ್ಲ ಮೇಡಂ. 1971ರಲ್ಲಿ ಎಡ್ವರ್ಡ್ ಡೆಸಿ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞರು ಇದನ್ನೇ ತೋರಿಸಿದರು. ಕಾಲೇಜು ಹುಡುಗರಿಗೆ ತುಂಡುಗಳನ್ನು ಜೋಡಿಸುವ ಒಗಟು ಕೊಟ್ಟರು. ಕೆಲವರಿಗೆ ಒಗಟು ಬಿಡಿಸಿದ್ದಕ್ಕೆ ತಲಾ ಒಂದು ಡಾಲರ್. ಆಮೇಲೆ ದುಡ್ಡು ನಿಲ್ಲಿಸಿ, ಸುಮ್ನೆ ಕೂರುವ ಬಿಡುವು ಕೊಟ್ಟು, ಏನು ಮಾಡುತ್ತಾರೆ ಅಂತ ನೋಡಿದರು. ದುಡ್ಡು ತಗೊಂಡವರಿಗೆ ಒಗಟಿನ ಮೇಲೆ ಮೊದಲಿದ್ದ ಆಸೆ ಇಳಿದಿತ್ತು. ನಿಮ್ಮ ಹಕ್ಕಿಗಳ ಜಾಗಕ್ಕೆ ವೋಚರ್ ಬಂದು ಕೂತಿದೆ, ಅಷ್ಟೇ.

ಮುಂದೆ ಡೆಸಿ, ರಿಚರ್ಡ್ ರಯನ್ ಸೇರಿ ಸ್ವಯಂ ನಿರ್ಧಾರ ಸಿದ್ಧಾಂತ ಕಟ್ಟಿದರು. ಮನುಷ್ಯನಿಗೆ ಮೂರು ಬೇಕು ಅಂತಾರೆ: ನಾನೇ ಆರಿಸಿಕೊಂಡೆ ಅನ್ನುವ ಭಾವನೆ, ನನ್ನ ಕೈಲಾಗುತ್ತೆ ಅನ್ನುವ ಧೈರ್ಯ, ಜೊತೆಗೆ ನಮ್ಮೋರು. ಸ್ಕೂಲಲ್ಲಿ ನಾವು ಮೂರನ್ನೂ ಹಾಳು ಮಾಡುತ್ತೇವೆ. ಲೇಟಾಗಿ ಬಂದವನಿಗೆ ಗ್ರೌಂಡ್ ಐದು ರೌಂಡ್ ಓಡು ಅಂತೀವಿ. ಓಟ ಅಂದರೆ ಶಿಕ್ಷೆ ಅಂತ ಕಲಿಸಿದ ಮೇಲೆ ದೊಡ್ಡವನಾಗಿ ಯಾಕೆ ಓಡ್ತಾನೆ? ಅದೇ ಹುಡುಗ ಖೋಖೋದಲ್ಲಿ ಅದರ ಎರಡರಷ್ಟು ಓಡ್ತಾನೆ, ಬೆಲ್ ಹೊಡೆದರೂ ಒಳಗೆ ಬರಲ್ಲ.

ಅಂದ ಹಾಗೆ ಆ 10,000 ಡಾಕ್ಟರು ಹೇಳಿದ ಲೆಕ್ಕವಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರ ಮಾರೋಕೆ ಇಟ್ಟ ಸಂಖ್ಯೆ.

ಲೆಕ್ಕದವನು
ಮೇಷ್ಟ್ರೇ, ದುಡ್ಡನ್ನು ಪೂರ್ತಿ ಬೈಬೇಡಿ. ಗ್ನೀಜಿ, ಚಾರ್ನೆಸ್ ಅನ್ನುವ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ ಪ್ರಯೋಗ ನೋಡಿ. ಒಂದು ತಿಂಗಳಲ್ಲಿ 8 ಸಲ ಜಿಮ್‌ಗೆ ಹೋದರೆ 100 ಡಾಲರ್ ಅಂದರು. ದುಡ್ಡು ನಿಂತ ಮೇಲೂ ಆ ಗುಂಪಿನವರು ಉಳಿದವರಿಗಿಂತ ಜಾಸ್ತಿ ಹೋದರು. ಹೀಗೆ ಬದಲಾದವರು ಮುಂಚೆ ಜಿಮ್ ಕಡೆ ಸರಿಯಾಗಿ ತಲೆ ಹಾಕದವರು.

ಪಿ.ಟಿ. ಮೇಷ್ಟ್ರು, ಹಾಸನ
ಒಪ್ಪಿದೆ. ಶುರು ಮಾಡದವನನ್ನು ಎಬ್ಬಿಸೋಕೆ ದುಡ್ಡು ಆಗುತ್ತೆ. ವಾಣಿ ಮೇಡಂ ಆಗಲೇ ಎದ್ದು ನಡೆಯುತ್ತಿದ್ದವರು, ಅವರಿಗೆ ವೋಚರ್ ಬೇಕೇ ಇರಲಿಲ್ಲ. ಆಫೀಸಿನವರು ಇಬ್ಬರಿಗೂ ಒಂದೇ ಔಷಧಿ ಕೊಟ್ಟರು.

ಶಿಫ್ಟ್ ನರ್ಸ್
ನನಗೆ ಸಿದ್ಧಾಂತಕ್ಕಿಂತ ಇದು ಕೆಲಸ ಮಾಡಿತು: ಯಾವತ್ತು, ಎಷ್ಟು ಹೊತ್ತಿಗೆ, ಎಲ್ಲಿ ಅಂತ ಮೊದಲೇ ಬರೆದಿಡೋದು. 2002ರಲ್ಲಿ ಇಂಗ್ಲೆಂಡಿನ ಕಾಲೇಜು ವಿದ್ಯಾರ್ಥಿಗಳ ಮೇಲೆ ಪ್ರಯೋಗ ಆಗಿತ್ತು. ಹೃದ್ರೋಗದ ಬಗ್ಗೆ ಓದಿಸಿ ಉತ್ಸಾಹ ತುಂಬಿದವರಲ್ಲಿ ವ್ಯಾಯಾಮ ಮಾಡಿದವರು ಶೇ. 35. ಅದರ ಜೊತೆ ಸಮಯ, ಜಾಗವನ್ನೂ ಬರೆದವರಲ್ಲಿ ಶೇ. 91! ಅದನ್ನು ಓದಿಸದೆ ಬಿಟ್ಟವರಲ್ಲೇ ಶೇ. 38 ಜನ ವ್ಯಾಯಾಮ ಮಾಡಿದ್ದರು. ಅಂದರೆ ಬರೀ ಭಾಷಣದಿಂದ ಪೈಸೆ ಉಪಯೋಗ ಆಗಿಲ್ಲ. ನೈಟ್ ಶಿಫ್ಟ್ ಮುಗಿದ ಮೇಲೆ ‘ನೋಡೋಣ’ ಅಂದರೆ ನಾನು ನೇರ ಹಾಸಿಗೆಗೇ.

ವಾಣಿ, ಮೈಸೂರು
ಬ್ಯಾಂಡ್ ಬಿಚ್ಚಿ ಡ್ರಾಯರಿಗೆ ಹಾಕಿದೆ. ಭಾನುವಾರ ಆರೂವರೆಗೆ ಕೆರೆ ಗೇಟ್, ಪಕ್ಕದ ಮನೆ ಅಕ್ಕನೂ ಬರ್ತಾರೆ. ಮೇಷ್ಟ್ರೇ, ನಿಮ್ಮ ಸ್ಕೂಲಲ್ಲಿ ಈಗಲೂ ಲೇಟಾದರೆ ಐದು ರೌಂಡಾ?

ಪಿ.ಟಿ. ಮೇಷ್ಟ್ರು, ಹಾಸನ
ನನ್ನ ಪೀರಿಯಡ್‌ನಲ್ಲಿ ಇಲ್ಲ. ಹೆಡ್ ಮೇಷ್ಟ್ರು ಕೇಳಲ್ಲ, ಏನು ಮಾಡೋದು.