ಹಾಸನದಿಂದ ನಡೆಯುವ ಉಪಗ್ರಹಗಳನ್ನು ಕ್ಷಿಪಣಿಯಿಂದ ಹೊಡೆಯಬಹುದೆ?

ವಿರಾಜಪೇಟೆ ಚರ್ಚಾಕೂಟ:
ಪದವಿ ಮಕ್ಕಳ ಚರ್ಚಾಸ್ಪರ್ಧೆಗೆ ‘ಉಪಗ್ರಹ ಉರುಳಿಸುವ ಶಕ್ತಿ ಬಂದ ಮೇಲೆ ಅಣ್ವಸ್ತ್ರದ ಭಯ ಇಳಿದಿದೆ’ ಎಂಬ ವಿಷಯ ಕೊಟ್ಟಿದ್ದೇವೆ. ಎರಡೂ ಕಡೆ ಘೋಷಣೆ ಜಾಸ್ತಿ, ಲೆಕ್ಕ ಕಮ್ಮಿ. 2019ರ ಪರೀಕ್ಷೆಯಿಂದ ಸಿಕ್ಕಿದ್ದೇನು? ನಮ್ಮ ಪಕ್ಕದ ಹಾಸನದ ಇಸ್ರೋ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಉಪಗ್ರಹಗಳಿಗೂ ಈ ಅಪಾಯ ಇದೆಯೆ? ಪಾಕಿಸ್ತಾನದ ಜೊತೆ ಒಪ್ಪಂದ ಏನಾದರೂ ಇದೆಯೆ?

ಕುಶಾಲನಗರ ಕಕ್ಷೆ:
ಮೇಡಂ, ಮಕ್ಕಳಿಗೆ ಮೊದಲು ಎತ್ತರ ಹೇಳಿಕೊಡಿ, ಅರ್ಧ ವಾದ ಅಲ್ಲೇ ಮುಗಿಯುತ್ತದೆ. 2019ರ ಮಾರ್ಚ್ 27ರಂದು ಒಡಿಶಾದ ಅಬ್ದುಲ್ ಕಲಾಂ ದ್ವೀಪದಿಂದ ಹಾರಿದ ಕ್ಷಿಪಣಿ, ನಮ್ಮದೇ ಮೈಕ್ರೋಸ್ಯಾಟ್-ಆರ್ ಉಪಗ್ರಹವನ್ನು ಸುಮಾರು 280 ಕಿ.ಮೀ. ಎತ್ತರದಲ್ಲಿ ಗುದ್ದಿತು. ಸಿಡಿತಲೆ ಇರಲಿಲ್ಲ, ವೇಗವೇ ಆಯುಧ. ಅಷ್ಟು ಕೆಳಗೆ ತೆಳು ಗಾಳಿಯ ಎಳೆತ ಇರುವುದರಿಂದ ಹೆಚ್ಚಿನ ಚೂರುಗಳು ಕೆಲವೇ ತಿಂಗಳಲ್ಲಿ ಬಿದ್ದವು. ಮೇಲಕ್ಕೆ ಚಿಮ್ಮಿದ ಕೆಲವು ಮಾತ್ರ 2022ರವರೆಗೂ ಸುತ್ತಿದವು. ಚೀನಾ 2007ರ ಜನವರಿಯಲ್ಲಿ ತನ್ನ ಹವಾಮಾನ ಉಪಗ್ರಹವನ್ನು ಒಡೆದದ್ದು 860 ಕಿ.ಮೀ. ಆಸುಪಾಸಿನಲ್ಲಿ. ಪತ್ತೆಹಚ್ಚಬಲ್ಲ ಚೂರುಗಳೇ 3,000ಕ್ಕೂ ಹೆಚ್ಚು, ಬಹುಪಾಲು ಇನ್ನೂ ಮೇಲಿವೆ.

ಹಾಸನದವರು ನೋಡಿಕೊಳ್ಳುವ ಸಂವಹನ ಉಪಗ್ರಹಗಳು ಇರುವುದು 36,000 ಕಿ.ಮೀ. ಎತ್ತರದಲ್ಲಿ. ನಾವು ಪರೀಕ್ಷಿಸಿದ ಕ್ಷಿಪಣಿ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಪಾಕಿಸ್ತಾನವಂತೂ ಇಂಥ ಪರೀಕ್ಷೆಯನ್ನೇ ಮಾಡಿಲ್ಲ. ಹಾಸನದ ಉಪಗ್ರಹಗಳಿಗೆ ನಿಜವಾದ ಚಿಂತೆ ಜಾಮಿಂಗ್ (ರೇಡಿಯೋ ಸಂಕೇತಕ್ಕೆ ಅಡ್ಡಿ ಮಾಡುವುದು), ಸೈಬರ್ ದಾಳಿ, ನೆಲದ ಮೇಲಿನ ಆಂಟೆನಾ. ಚೂರೂ ಇಲ್ಲ, ಸದ್ದೂ ಇಲ್ಲ, ಮಾಡಿದವರು ಯಾರೆಂದು ಸಾಬೀತು ಮಾಡುವುದೂ ಕಷ್ಟ.

ಗೋಣಿಕೊಪ್ಪ ಸಿಗ್ನಲ್ಸ್:
ಅದಕ್ಕೇ ‘ಭಯ ಇಳಿದಿದೆ’ ಅನ್ನುವ ಪಕ್ಷ ದುರ್ಬಲ. ಒಂದೇ ಉಪಗ್ರಹದಲ್ಲಿ ಸಾಮಾನ್ಯ ಸೇನಾ ಸಂದೇಶವೂ ಅಣ್ವಸ್ತ್ರ ಪಡೆಯ ಸಂದೇಶವೂ ಹೋಗುವ ವ್ಯವಸ್ಥೆಯಿದ್ದರೆ, ಅದು ಕುರುಡಾದ ಕೂಡಲೇ ‘ಇದು ಅಣ್ವಸ್ತ್ರದ ಮೊದಲ ಹೊಡೆತದ ಪೀಠಿಕೆಯೋ?’ ಎಂಬ ಅನುಮಾನ ಹುಟ್ಟುತ್ತದೆ. ಭಾರತ–ಪಾಕ್ ನಡುವೆ ಕ್ಷಿಪಣಿಗೆ ಬೇಕಾದದ್ದು ಕೆಲವೇ ನಿಮಿಷ. ಅನುಮಾನ ಬಗೆಹರಿಸಿಕೊಳ್ಳಲು ಸಮಯ ಎಲ್ಲಿ?

ಇನ್ನೊಂದು: ನೆರೆಯ ದೇಶಗಳು ಹಾರಿಸಿದ, ನೆಲದ ಚಿತ್ರ ತೆಗೆಯುವ ಉಪಗ್ರಹಗಳು ಸಾಮಾನ್ಯವಾಗಿ ಐನೂರರಿಂದ ಎಂಟುನೂರು ಕಿ.ಮೀ. ನಡುವೆ ಇರುತ್ತವೆ. ಅಲ್ಲಿ ಒಂದನ್ನು ಒಡೆದರೆ ಆ ಚೂರುಗಳ ನಡುವೆ ಚಿತ್ರ ತೆಗೆಯುವ ನಮ್ಮದೇ ಕಾರ್ಟೋಸ್ಯಾಟ್ ಉಪಗ್ರಹಗಳೂ ಓಡಾಡಬೇಕು. ಹಾಗಾಗಿ ಇದನ್ನು ಬಳಸುವ ಆಯುಧ ಅನ್ನುವುದಕ್ಕಿಂತ ‘ನಮಗೂ ಈ ಶಕ್ತಿ ಇದೆ’ ಎಂದು ಚೀನಾಕ್ಕೆ ತೋರಿಸಿದ ಆಯುಧ ಅನ್ನುವುದೇ ಸರಿ.

ಮಡಿಕೇರಿ ಕಾನೂನು:
ಒಪ್ಪಂದಗಳ ವಿಷಯ. ಪರಸ್ಪರ ಅಣುಸ್ಥಾವರಗಳ ಮೇಲೆ ದಾಳಿ ಮಾಡಬಾರದೆಂಬ ಒಪ್ಪಂದಕ್ಕೆ ಸಹಿ ಬಿದ್ದದ್ದು 1988ರ ಡಿಸೆಂಬರ್ 31ರಂದು. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶ ಪಟ್ಟಿ ವಿನಿಮಯ ಮಾಡಿಕೊಳ್ಳುತ್ತವೆ. ಇದರಲ್ಲಿ ಬರುವುದು ರಿಯಾಕ್ಟರ್, ಇಂಧನ, ಮರುಸಂಸ್ಕರಣೆಯಂಥ ಘಟಕಗಳು ಮಾತ್ರ. ಹಾಸನದ ಆಂಟೆನಾಗೆ ಈ ರಕ್ಷಣೆ ಇಲ್ಲ. 2005ರ ಒಪ್ಪಂದದಂತೆ ಬ್ಯಾಲಿಸ್ಟಿಕ್ ಕ್ಷಿಪಣಿ (ಮೇಲಕ್ಕೆ ಹಾರಿ ಕಮಾನಿನಂತೆ ಬಂದು ಬೀಳುವಂಥದ್ದು) ಪರೀಕ್ಷೆಗೆ ಕನಿಷ್ಠ 3 ದಿನ ಮೊದಲು ತಿಳಿಸಬೇಕು, ಉಡಾವಣಾ ಜಾಗ ಗಡಿಯಿಂದ 40 ಕಿ.ಮೀ. ಒಳಗೆ ಇರಬಾರದು. ವಿಮಾನದಂತೆ ಗಾಳಿಯಲ್ಲೇ ಹಾರಿ ಹೋಗುವ ಕ್ರೂಸ್ ಕ್ಷಿಪಣಿ ಇದರ ಹೊರಗೆ. 2022ರ ಮಾರ್ಚ್‌ನಲ್ಲಿ ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದಲ್ಲಿ ಬಿದ್ದ ಬ್ರಹ್ಮೋಸ್ ಆ ಜಾತಿಯದು.

ಉಪಗ್ರಹಗಳ ಬಗ್ಗೆ ಎರಡು ದೇಶಗಳ ನಡುವೆ ಇಂಥ ಒಪ್ಪಂದ ಇಲ್ಲ. 1967ರ ಬಾಹ್ಯಾಕಾಶ ಒಪ್ಪಂದ ಕಕ್ಷೆಯಲ್ಲಿ ಅಣ್ವಸ್ತ್ರ ಇಡುವುದನ್ನು ತಡೆಯುತ್ತದೆ, ನೆಲದಿಂದ ಹಾರಿಸುವ ಮಾಮೂಲಿ ಕ್ಷಿಪಣಿಯನ್ನಲ್ಲ. ಇಂಥ ಪರೀಕ್ಷೆ ನಿಲ್ಲಿಸಿ ಎಂದು 2022ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನಿರ್ಣಯ ಮಾಡಿದಾಗ ಚೀನಾ ವಿರೋಧಿಸಿತು, ಭಾರತ ಮತ ಹಾಕದೆ ತಟಸ್ಥವಾಗಿತ್ತು. ಎದುರು ಪಕ್ಷದ ಮಕ್ಕಳು ಇದನ್ನು ಖಂಡಿತ ಎತ್ತುತ್ತಾರೆ, ಉತ್ತರ ಸಿದ್ಧ ಇಟ್ಟುಕೊಳ್ಳಲಿ.